ಕೆರೆಯ ಮೇಲೆ ಎರಡು ಸ್ಟೂಲು

ತಮ್ಮಾ ತೈಸ್ತೊ,

ಸಿಕ್ಕಿದರು ಕಣೋ! ಹತ್ತು ಜನ ಜಾಗವಿಲ್ಲ ಎಂದ ಮೇಲೆ, ಕುಡಿತ ಬಿಟ್ಟವರ ಜೊತೆ ಕೂತು ಮಾತಾಡುವ ಆಪ್ತಸಮಾಲೋಚಕಿಯೊಬ್ಬರು ಸಿಕ್ಕಿದರು. ಹೆಸರು ರೌನಿ. ಇವತ್ತೇ ಎರಡು ಗಂಟೆಗೆ. ನೀನು ಮಲಗಿದ್ದೆ, ಎಬ್ಬಿಸದೆ ಕೆಲಸಕ್ಕೆ ಹೊರಟೆ.

ಹೋದ ಸಲದ ಕಥೆ ಅವರಿಗೆ ಹೇಳಿಬಿಟ್ಟೆ. ನೀನು ಬಾಯಿ ಬಿಡಲೆಂದು ಆ ಡಾಕ್ಟರು ಕಾದರು, ಅವರು ಬಾಯಿ ಬಿಡಲೆಂದು ನೀನು ಕಾದೆ, ಮುಕ್ಕಾಲು ಗಂಟೆ ಮುಗಿಯಿತು. ಫಿನ್ಲೆಂಡಿನ ಗಂಡಸರಿಬ್ಬರು ಎದುರುಬದುರು ಕೂತರೆ ಇನ್ನೇನಾಗುತ್ತದೆ! ಮನೆಗೆ ಬಂದು, "ಒಳ್ಳೇ ಮನುಷ್ಯ ಕಣಕ್ಕಾ, ಏನೂ ಕೇಳ್ಲೇ ಇಲ್ಲ" ಅಂದೆಯಲ್ಲೋ ಪುಣ್ಯಾತ್ಮ.

ರೌನಿ ಬಿದ್ದು ಬಿದ್ದು ನಕ್ಕರು. "ಹಾಗಾದ್ರೆ ಕೆರೆ ಮೇಲೇ ಕೂರೋಣ, ಹೇಗೂ ಹೆಪ್ಪುಗಟ್ಟಿದೆ. ಗಾಳ ಹಾಕ್ಕೊಂಡು ಮಾತಾಡಿದ್ರೆ ಮುಖ ನೋಡೋ ಕಷ್ಟ ಇರಲ್ಲ" ಅಂದರು.

ಮಂಜುಗಡ್ಡೆ ಕೊರೆಯುವ ಬೈರಿಗೆ ಶೆಡ್ಡಿನಲ್ಲಿದೆ. ಸ್ಟೂಲು ಎರಡು ಒಯ್ಯಿ. ಉಣ್ಣೆ ಕಾಲುಚೀಲ ಹಾಕಿಕೋ, ತೂತಾದದ್ದಲ್ಲ. ಮೀನು ಸಿಗದಿದ್ದರೂ ಚಿಂತೆಯಿಲ್ಲ, ಊಟಕ್ಕೆ ಬಟಾಣಿ ಸಾರು ಮಾಡಿಟ್ಟಿದ್ದೇನೆ. ಸಂಜೆ ಬಂದು ಎರಡು ಮಾತು ಜಾಸ್ತಿಯೇ ಆಡು, ಬೈಯುವುದಿಲ್ಲ.

ನಿನ್ನ ಹಳೇ ಫ್ಲಾಸ್ಕ್ ಮೇಜಿನ ಮೇಲಿದೆ. ಹಿಂದೆ ಅದರಲ್ಲಿ ಏನಿರುತ್ತಿತ್ತೆಂದು ನಮ್ಮಿಬ್ಬರಿಗೂ ಗೊತ್ತು. ಕುದಿನೀರಲ್ಲಿ ಮೂರು ಸಲ ತೊಳೆದು ಕಾಫಿ ತುಂಬಿದ್ದೇನೆ. ನಿಮ್ಮಿಬ್ಬರಿಗಾಗುವಷ್ಟಿದೆ.

ಅಕ್ಕ ಹೆಲ್ಕಾ