ಚಾ ಕುಡಿದು ಬರುತ್ತೇನೆಂದು ಹೋದ ಎರ್ರಿಸ್ವಾಮಿ ಅವರಿಗೆ

ನೆರಳು ಕಚೇರಿ, ಬಳ್ಳಾರಿ
ಕಾವು ತಿಂಗಳು, ೯ನೇ ತಾರೀಖು, ೨೧೬೩

ಮಾನ್ಯ ಎರ್ರಿಸ್ವಾಮಿ ಅವರಿಗೆ ಹಂಪಮ್ಮನ ನಮಸ್ಕಾರಗಳು.

ತಾರೀಖು ತಪ್ಪಾಗಿದೆ ಎಂದುಕೊಳ್ಳಬೇಡಿ. ಉಳಿದ ತಿಂಗಳುಗಳಿಂದ ಎರಡೆರಡು ದಿನ ಕಿತ್ತು, ಏಪ್ರಿಲ್ ಮತ್ತು ಮೇ ನಡುವೆ ಒಂದು ತಿಂಗಳನ್ನು ತುರುಕಿ, ಅದಕ್ಕೆ ಕಾವು ಎಂದು ನಮ್ಮ ಹಿರಿಯರು ಹೆಸರಿಟ್ಟರು. ಆ ತಿಂಗಳಲ್ಲಿ ಹಗಲು ಹೊತ್ತು ಬಯಲಿಗೆ ಯಾರೂ ಕಾಲಿಡುವುದಿಲ್ಲ. ಈ ಕಾಗದ ಹಿನ್ನಡೆ ಅಂಚೆಯಲ್ಲಿ ಬರುತ್ತಿದೆ. ಅದು ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಏರ್ಪಾಟು. ತಲುಪುವ ಖಾತರಿ ಇಲ್ಲ, ಉತ್ತರ ಬರುವ ದಾರಿಯೂ ಇಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಕಾಗದದ ತುಂಬ ಇರುವ ಸಿಟ್ಟಿಗೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ.

ನಾನೂ ನಿಮ್ಮ ಹಾಗೆ ವೆಬ್ ಪುಟ ಕಟ್ಟುವವಳು. ನಮ್ಮ ಊರಿನ ಓಣಿಗಳ ಮೇಲೆಲ್ಲ ಈಗ ಚಪ್ಪರಗಳಿವೆ. ಮದುವೆ ಮನೆಯ ಚಪ್ಪರವಲ್ಲ. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಮೋಟಾರು ಎಳೆಯುವ ದಪ್ಪ ಬಟ್ಟೆ. ಬಿಸಿಲು ತಿರುಗಿದಂತೆ ಅದೂ ತಿರುಗಬೇಕು. ಯಾವ ಓಣಿಗೆ ಯಾವಾಗ ನೆರಳು ಬೇಕೆಂದು ಜನ ನೆರಳುಪುಟದಲ್ಲಿ ಕೇಳುತ್ತಾರೆ. ಆ ಪುಟ ಓಡುವುದು ನೀವು ಹೂಡಿಟ್ಟು ಹೋದ ಕಂಪ್ಯೂಟರಿನಲ್ಲಿ. ಅದಕ್ಕೆ ನಾವು ತಾತ ಎನ್ನುತ್ತೇವೆ. ಒರಳುಗಲ್ಲು ಓಣಿಯ ತರಕಾರಿ ಅಂಗಡಿಗಳ ಟಾರ್ಪಾಲನ್ನು ಮೋಟಾರಿನಿಂದ ಎಳೆಯಲು ನೀವು ಮಾಡಿಕೊಟ್ಟ ಸಣ್ಣ ಕೆಲಸ ಅದು. ಊರಿನ ಉಳಿದ ಚಪ್ಪರಗಳೆಲ್ಲ ಒಂದೊಂದಾಗಿ ಅದಕ್ಕೇ ಬಂದು ಜೋತುಬಿದ್ದವು. ತಾತನೊಳಗೆ ಯಾರು ಲಾಗಿನ್ ಆದರೂ ಮೊದಲು ಕಾಣುವುದು ನೀವು ಬರೆದಿಟ್ಟ ಸಾಲು: “ಸದ್ಯಕ್ಕೆ ನಡೀತೈತಿ, ಯಾರೂ ಮುಟ್ಟಬ್ಯಾಡ್ರಿ. ಚಾ ಕುಡ್ದು ಬರ್ತೀನಿ. ಎರ್ರಿಸ್ವಾಮಿ.” ಆ ಮಾತನ್ನು ನಮ್ಮ ಕಚೇರಿಯ ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಕೆಲಸಕ್ಕೆ ಸೇರುವವರು ಮೊದಲ ದಿನ ಅದರ ಮುಂದೆ ಕೈಮುಗಿದು ಒಳಗೆ ಬರಬೇಕು. ನಾನೂ ಮುಗಿದಿದ್ದೇನೆ. ಯಾರೂ ಮುಟ್ಟಲಿಲ್ಲ. ನೀವು ಬರಲಿಲ್ಲ.

ನೀವು ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಎಂದು ಬಾಯಿ ತುಂಬ ಕರೆಯುತ್ತಿದ್ದುದನ್ನು ನಾವು ಊರೊಟ್ಟಿನ ತಳ ಎನ್ನುತ್ತೇವೆ, ಅಂದರೆ ಎಲ್ಲರಿಗೂ ಸೇರಿದ್ದು. ಅದಕ್ಕೀಗ ನಮ್ಮ ಜಿಲ್ಲೆಯೊಂದರಲ್ಲೇ ಲೆಕ್ಕವಿಲ್ಲದಷ್ಟು ಕವಲುಗಳು, ಒಂದೇ ತಳದ ಬೇರೆಬೇರೆ ರೂಪಗಳು. ಯಾರಿಗಾದರೂ ಮತ್ತೊಬ್ಬರ ಮೇಲೆ ಮುನಿಸು ಬಂದರೆ ಸಾಕು, ಹೊಸ ಕವಲು ಹುಟ್ಟುತ್ತದೆ. ಒಂದರಲ್ಲಿ ಬರೆದ ಆಜ್ಞೆ ಇನ್ನೊಂದರಲ್ಲಿ ಬೇರೆ ಹೆಸರಿಟ್ಟುಕೊಂಡು ಕೂತಿರುತ್ತದೆ. ನನ್ನ ಮೇಜಿನ ಮೇಲೆ ಚೆಂದವಾಗಿ ಕಾಣುವ ಪುಟ ಹಗ್ಗದ ಅಂಗಳದ ಖಾಜಾಬನ್ನಿಯ ಕವಲಿನಲ್ಲಿ ಒತ್ತುವ ಗುಂಡಿಗಳನ್ನೇ ಕಳೆದುಕೊಳ್ಳುತ್ತದೆ. ಖಾಜಾಬನ್ನಿ ಎಂದರೆ ಮೋಟಾರು ಕೈಕೊಟ್ಟಾಗ ಚಪ್ಪರವನ್ನು ಹಗ್ಗ ಕಟ್ಟಿ ಕೈಯಿಂದ ಎಳೆಸುವ ಮೇಲ್ವಿಚಾರಕಿ. ಆಕೆಗೆ ಕಾಣದ ಗುಂಡಿ ಯಾರಿಗೆ ಕಂಡು ಏನು ಪ್ರಯೋಜನ? ವಾರಕ್ಕೊಮ್ಮೆ ಮಜ್ಜನ ಇರುತ್ತದೆ. ನೀವು ಅಪ್‌ಡೇಟ್ ಎನ್ನುತ್ತಿದ್ದಿರಲ್ಲ, ಅದು. ಮಜ್ಜನ ಮುಗಿಸಿ ಎದ್ದ ಕಂಪ್ಯೂಟರಿಗೆ ಒಮ್ಮೆ ಕಿವಿ ಕೇಳುವುದಿಲ್ಲ, ಇನ್ನೊಮ್ಮೆ ಕನ್ನಡದ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಸಾಲಿನುದ್ದಕ್ಕೂ ಚೆಲ್ಲಿಕೊಂಡಿರುತ್ತವೆ. ಹೋದ ತಿಂಗಳು ಪರದೆಯ ಬೆಳಕು ತಗ್ಗಿಸುವ ಕೀಲಿ ಒತ್ತಿದರೆ ಪ್ರಿಂಟರು ಓಡುತ್ತಿತ್ತು. ಕಟ್ಟೆಯಲ್ಲಿ, ಅಂದರೆ ಇಂಥವನ್ನೆಲ್ಲ ಕೇಳುವ ಜಾಗದಲ್ಲಿ, ನಾನು ವಿವರವಾಗಿ ಬರೆದು ಕೇಳಿದೆ. ಮೊದಲು ಬಂದ ಉತ್ತರ, “ನಮ್ಮಲ್ಲಿ ಸರಿಯಾಗೇ ಐತಲ್ಲ.” ಎರಡನೆಯದು, “ಕೈಪಿಡಿ ಓದಿ ಬಾರಮ್ಮ.” ಮೂರನೆಯವರು ನನ್ನ ಕವಲನ್ನೇ ಬಿಟ್ಟು ತಮ್ಮ ಕವಲಿಗೆ ಬರಬೇಕೆಂದು ಉಪದೇಶ ಮಾಡಿದರು. ಆಮೇಲೆ ಅವರವರೇ ಜಗಳಕ್ಕೆ ನಿಂತರು, ನನ್ನನ್ನು ಎಲ್ಲರೂ ಮರೆತರು. ಪ್ರಿಂಟರು ಇವತ್ತಿಗೂ ಓಡುತ್ತದೆ.

ಇಷ್ಟಾದರೂ ಊರೊಟ್ಟಿನ ತಳವನ್ನು ನಾನು ಬಿಡುವವಳಲ್ಲ. ಬೀಗ ಹಾಕಿ ಮಾರುತ್ತಿದ್ದ ತಳಗಳೆಲ್ಲ ಅವುಗಳ ಒಡೆಯರ ಜೊತೆಗೇ ಮಣ್ಣಾದವು. ನಮ್ಮದರಲ್ಲಿ ಮುಚ್ಚುಮರೆ ಇಲ್ಲ. ಯಾರು ಬೇಕಾದರೂ ಒಳಗೆ ಇಣುಕಬಹುದು, ತಿದ್ದಬಹುದು, ಅರ್ಥವಾಗದಿದ್ದರೆ ಕೂತು ಓದಬಹುದು. ನಿಮ್ಮ ಕಾಲದ ಕೋಡ್ ಸಾಲುಗಳನ್ನೂ ನಾನು ಓದಿದ್ದೇನೆ. ಗೊತ್ತೇ ಇಲ್ಲದವರು ಯಾರಿಗೋ ಉಪಯೋಗವಾಗಲೆಂದು ಬರೆದಿಟ್ಟ ಆ ಸಾಲುಗಳನ್ನು ಕಂಡು ಎಷ್ಟೋ ಸಲ ನನ್ನ ಕಣ್ಣು ತುಂಬಿದೆ. ನನಗೆ ಹೊಟ್ಟೆ ಉರಿಯುವುದೂ ಅದಕ್ಕೇ. ಲಕ್ಷಾಂತರ ಜನ ಬರೆದ ಲಕ್ಷಾಂತರ ಸಾಲುಗಳು ಬಯಲಲ್ಲಿವೆ. ನೀವು ಬರೆದ ಒಂದು ತುಣುಕು ಮಾತ್ರ ಎಲ್ಲಿಯೂ ಇಲ್ಲ.

ಅದು ಇಲ್ಲವೆಂದು ನಮಗೆ ಗೊತ್ತಾದದ್ದೇ ಈ ವರ್ಷ. ತಾತನನ್ನು ಇದುವರೆಗೆ ಒಮ್ಮೆಯೂ ಸ್ವಿಚ್ ತೆಗೆದು ಆರಿಸಿಲ್ಲ. ಒಂದು ಯಂತ್ರ ಮುದಿಯಾದರೆ, ಓಡುತ್ತಿರುವ ತಾತನನ್ನು ಓಡುತ್ತಿರುವಂತೆಯೇ ಇನ್ನೊಂದಕ್ಕೆ ದಾಟಿಸುತ್ತೇವೆ. ಮೈ ಬದಲಿಸುವುದು ಎನ್ನುತ್ತೇವೆ ಅದಕ್ಕೆ. ಈಗಿನ ಮೈ ಸವೆದುಹೋಗಿದೆ, ಆ ಜಾತಿಯ ಯಂತ್ರಗಳನ್ನು ಮಾಡುವವರೇ ಇಲ್ಲ. ಹೊಸ ಮೈಗೆ ಜೀವಂತವಾಗಿ ದಾಟಿಸಲು ಆಗುವುದಿಲ್ಲ, ಆರಿಸಿಯೇ ಹಚ್ಚಬೇಕು. ಪರೀಕ್ಷೆಗೆಂದು ತಾತನ ಡಿಸ್ಕಿನ ಒಂದು ನಕಲು ತೆಗೆದು ಪಕ್ಕದಲ್ಲಿ ಹಚ್ಚಿ ನೋಡಿದೆವು. ಎಲ್ಲ ಓಣಿಗಳೂ ಓಗೊಟ್ಟವು, ಒರಳುಗಲ್ಲು ಓಣಿಯೊಂದನ್ನು ಬಿಟ್ಟು. ಅಲ್ಲಿರುವುದು ಇನ್ನೂ ನಿಮ್ಮ ಕಾಲದ ರೀತಿಯ ಮೋಟಾರು. ಅದರ ಭಾಷೆಯನ್ನು ಪುಟಕ್ಕೆ ತಿಳಿಸುವ ತುಣುಕೊಂದನ್ನು ನೀವು ಅಲ್ಲೇ ಕೂತು ಬರೆದು ಓಡಿಸಿದಿರಿ. ಕೆಲಸ ನಡೆಯಿತು. ಆಮೇಲೆ ಕಸವೆಂದು ಆ ಕಡತವನ್ನು ಅಳಿಸಿದಿರಿ. ಆರಿಸಿ ಹಚ್ಚಿದರೆ ತಾನಾಗಿ ಮತ್ತೆ ಓಡಲೆಂದು ಎಲ್ಲಿಯೂ ಬರೆದಿಡಲಿಲ್ಲ. ಡಿಸ್ಕಿನಲ್ಲಿ ಅದರ ಗುರುತಿಲ್ಲ. ತಾತನ ನೆನಪಿನಲ್ಲಿ ಮಾತ್ರ ಅದು ಇಂದಿಗೂ ಓಡುತ್ತಿದೆ, ತಾತ ಆರಿದರೆ ಅದೂ ಹೋಯಿತು.

ಒರಳುಗಲ್ಲು ಓಣಿಯೇ ಯಾಕಾಗಬೇಕಿತ್ತು? ಊರಿನಲ್ಲಿ ಎಲ್ಲಕ್ಕಿಂತ ಹಳೆಯ ನೆರಳು, ಎಲ್ಲಕ್ಕಿಂತ ತಂಪಿನ ಗೋಡೆಗಳು ಅಲ್ಲಿವೆಯೆಂದು ಹೆರಿಗೆ ಮನೆಗಳನ್ನೆಲ್ಲ ಅಲ್ಲಿ ಕಟ್ಟಿದ್ದಾರೆ. ಅಷ್ಟು ಬಾಣಂತಿಯರನ್ನು ಸಾಗಿಸಲು ಬೇರೆ ಓಣಿಗಳಲ್ಲಿ ಜಾಗವಿಲ್ಲ. ಕಾವು ಕಳೆದ ಮೇಲೆ ಮೋಟಾರು ಬದಲಿಸಿದರಾಯಿತು ಎಂದುಕೊಂಡಿದ್ದೆವು, ತಾತನ ಮೈ ಅಲ್ಲಿಯವರೆಗೆ ತಡೆಯುವುದಿಲ್ಲ. ಆ ತುಣುಕನ್ನು ತಾತನ ನೆನಪಿನಿಂದ ಕೆದಕಿ ತೆಗೆಯಲು ನಾನು ಒಮ್ಮೆ ಕೈಹಾಕಿದೆ. ಅದು ಅರೆಗಳಿಗೆ ನಿಂತಿತು, ನಡುಹಗಲಿನಲ್ಲಿ ಚಪ್ಪರ ಮಡಿಚಿಕೊಂಡಿತು. ಖಾಜಾಬನ್ನಿಯ ಜನ ಓಡಿಬಂದು ಎಳೆಯುವಷ್ಟರಲ್ಲಿ ಕಿಟಕಿಯ ಕಂಬಿಗಳು ಮುಟ್ಟಲಾಗದಷ್ಟು ಕಾದಿದ್ದವು. ಅಂಗೈ ಸುಲಿದುಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತ ಆಕೆ ಹೇಳಿದ್ದು ಇಷ್ಟೇ: “ಬರಿಯೋರು ಬರ್ದು ಎದ್ದು ಹೋಗ್ತೀರಿ ಹಂಪಮ್ಮ. ಎಳಿಯೋರು ನಾವು.” ಕೆದಕಬಾರದೆಂದು ಅಂದೇ ಕಟ್ಟಪ್ಪಣೆಯಾಯಿತು.

ನನ್ನ ತಂಗಿ ತಿಪ್ಪಮ್ಮ ಆ ಓಣಿಯಲ್ಲಿದ್ದಾಳೆ. ಚೊಚ್ಚಲ ಹೆಣ್ಣು ಮಗು, ಇನ್ನೂ ಹೆಸರಿಟ್ಟಿಲ್ಲ. ನಿನ್ನೆ ನೋಡಲು ಹೋಗಿದ್ದೆ. ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಮಗುವಿನ ಕಾಲು ನೀವುತ್ತ, “ನೀ ತಾತನ ಆಫೀಸ್ನಾಗೇ ಇದ್ದೀಯಲ್ಲಕ್ಕ. ನಂಗ್ಯಾಕ ಚಿಂತಿ?” ಎಂದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ದಾರಿಯುದ್ದಕ್ಕೂ ನಿಮ್ಮನ್ನು ಬೈದುಕೊಂಡು ಬಂದೆ. ನೀವು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ನಿಮ್ಮ ತುಣುಕು ಒಂದೂವರೆ ನೂರು ಬೇಸಿಗೆ ದುಡಿದಿದೆ, ಅಷ್ಟು ಗಟ್ಟಿಯಾಗಿ ಬರೆಯಲು ನನ್ನಿಂದಾಗುತ್ತಿರಲಿಲ್ಲ. ಅಷ್ಟು ಬಲ್ಲವರಿಗೆ ಇನ್ನೊಂದು ಗಳಿಗೆ ಕೂರಲು ಏನಾಗಿತ್ತು ಸ್ವಾಮಿ?

ಇಂದು ಬಿಸಿಲೇರುವ ಮುಂಚೆ ತಾತನನ್ನು ಆರಿಸುತ್ತೇವೆ. ಒತ್ತಬೇಕಾದ ಬೆರಳು ನನ್ನದೇ. ಹೊಸ ಮೈಯಲ್ಲಿ ಹಚ್ಚಿದ ಮೇಲೆ ಒರಳುಗಲ್ಲು ಓಣಿ ಓಗೊಡುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಆ ಮೋಟಾರಿನ ಭಾಷೆ ಬಲ್ಲವರು ಈಗ ಯಾರೂ ಇಲ್ಲ, ಹೊಸದಾಗಿ ತುಣುಕು ಬರೆಯಲು ಬಿಸಿಲಿಳಿದ ಮೇಲೆ ನಾನು ಕೂರುತ್ತೇನೆ. ಎಷ್ಟು ದಿನ ಹಿಡಿಯುತ್ತದೋ ಹೇಳಲಾರೆ. ಅದುವರೆಗೆ ಬಿಸಿಲು ತಿರುಗಿದಾಗಲೆಲ್ಲ ಜನ ಆ ಚಪ್ಪರವನ್ನು ಕೈಯಿಂದ ಎಳೆಯಬೇಕು.

ಆದ್ದರಿಂದ ನನ್ನದೊಂದು ಕೋರಿಕೆ. ನೀವೀಗ ಆ ಕಂಪ್ಯೂಟರಿನ ಮುಂದೆ ಕೂತಿರಬಹುದು. ಟಾರ್ಪಾಲು ಸರಸರನೆ ಬಿಚ್ಚಿಕೊಂಡಿರಬಹುದು, ತರಕಾರಿಯವರು ಚಪ್ಪಾಳೆ ತಟ್ಟಿರಬಹುದು, ಬೆಳಗಿನಿಂದ ಗುದ್ದಾಡಿದ ನಿಮಗೆ ಚಹಾ ಬೇಕೆನಿಸಿರಬಹುದು. ಏಳುವ ಮುಂಚೆ ಅದನ್ನು ಒಮ್ಮೆ ಆರಿಸಿ, ಮತ್ತೆ ಹಚ್ಚಿ ನೋಡಿ. ಕೆಡುವುದಿದ್ದರೆ ನಿಮ್ಮ ಕಣ್ಣೆದುರಿಗೇ ಕೆಡಲಿ. ಕೆಟ್ಟರೆ ಸರಿಮಾಡಲು ನೀವಿದ್ದೀರಿ. ನಮ್ಮ ಹತ್ತಿರ ನೀವಿಲ್ಲ.

ಈ ಕಾಗದ ತಲುಪಿ ನೀವು ಹಾಗೆ ಮಾಡಿದ್ದಿದ್ದರೆ, ಇದನ್ನು ಬರೆಯುವ ಪ್ರಸಂಗವೇ ನನಗೆ ಬರುತ್ತಿರಲಿಲ್ಲ. ಎದ್ದು ಬಾಗಿಲಿನ ಕಲ್ಲು ನೋಡಿ ಬಂದೆ. ನಿಮ್ಮ ಸಾಲು ಹಾಗೇ ಇದೆ.

ಹಗ್ಗಕ್ಕೆ ಕೈ ಸಾಲದೆಂದು ಖಾಜಾಬನ್ನಿ ಕೂಗುತ್ತಿದ್ದಾಳೆ. ಗುಂಡಿ ಒತ್ತಿ, ಬರಿಗೈಗೆ ಬಟ್ಟೆ ಸುತ್ತಿಕೊಂಡು ನಾನೂ ಹೊರಡುತ್ತೇನೆ.

ಇಂತಿ,
ಹಂಪಮ್ಮ