ಗೂಡಿನ ಅಳತೆ

ಹೆಬ್ರಿ, ೧೪ ಜುಲೈ ೧೯೫೯
(ಕಾರ್ಕಳ ಬಸ್ಸಿನ ಕಂಡಕ್ಟರ್ ಕೈಯಲ್ಲಿ)

ಮಾನ್ಯ ಓವರ್‌ಸಿಯರ್ ವಿಷ್ಣುಮೂರ್ತಿ ಉಪಾಧ್ಯರಿಗೆ ವಂದನೆಗಳು.

ಹೋದ ವರ್ಷ ಜಾರಿಬಿದ್ದ ಮೇಲೆ, ನದಿಯ ಮಟ್ಟ ಓದಲು ನಾನು ಕಮರಿಗೆ ಇಳಿದಿಲ್ಲ. ಸಿಳ್ಳು ಹಾಕುವ ನೀಲಿ ಹಕ್ಕಿ ಪ್ರತಿ ಮಳೆಗಾಲ ಒಂದೇ ಬಂಡೆಯ ಸಂದಿಯಲ್ಲಿ ಗೂಡು ಕಟ್ಟುತ್ತಿತ್ತು. ನೀರು ಗೂಡಿಗಿಂತ ಎಷ್ಟು ಕೆಳಗಿದೆ ಎಂದು ಮೇಲಿನಿಂದಲೇ ನೋಡಿ ಅಳತೆ ಬರೆಯುತ್ತಿದ್ದೆ. ಇವತ್ತು ಇಳಿದೆ. ಈ ಸಲ ಹಕ್ಕಿ ಹಳೆಯ ಸಂದಿಗಿಂತ ಆರು ಅಡಿ ಮೇಲೆ ಕಟ್ಟಿದೆ. ನದಿಯೂ ನಾನು ಬರೆದದ್ದಕ್ಕಿಂತ ಆರು ಅಡಿ ಮೇಲೆ ಉಂಟು.

ನನ್ನ ಅಳತೆ ನಂಬಿ ನೀವು ದಡದಲ್ಲಿ ಕೆಲಸದವರ ಶೆಡ್ ಹಾಕಿಸಿದ್ದೀರಿ. ದಯವಿಟ್ಟು ಅದನ್ನು ಖಾಲಿ ಮಾಡಲು ಈಗಲೇ ಆಜ್ಞೆ ಕಳುಹಿಸಿ. ನನ್ನ ವಿಚಾರಣೆ ಆಮೇಲೆ ಆಗಲಿ. ನಾನೇ ಶೆಡ್ಡಿಗೆ ಓಡಿಹೋಗಿ, ಎಲ್ಲರೂ ಇಲ್ಲಿಂದ ಏಳಿ ಎಂದೆ. ಮೇಸ್ತ್ರಿ ಪಾಸ್ಕಲ್ ನಕ್ಕ: "ಅಳತೆ ನಿನ್ನದೇ ಅಲ್ವಾ ಮಾರಾಯ, ಮತ್ತೆ ಎಂತ ಹೆದರಿಕೆ?"

ಅವನಿಗೆ ನಿಜ ಹೇಳಲು ಆಗಲಿಲ್ಲ.

ಅದನ್ನು ಹೇಳಲು ಮತ್ತೆ ಶೆಡ್ಡಿಗೆ ಹೊರಟಿರುವ,
ಕಜೆಟನ್