ಹನ್ನೊಂದು ಪಾಯಿಂಟ್ ಮೂರು

ಹಿರೇಗುತ್ತಿ
ಶನಿವಾರ, 23 ಆಗಸ್ಟ್ 2025

ಪ್ರೀತಿಯ ಗಣಪಿಗೆ,

ನಾನಿಲ್ಲಿ ಕ್ಷೇಮ ಎಂದು ಬರೆಯಲು ಹೊರಟು ಪೆನ್ನು ನಿಲ್ಲಿಸಿದೆ. ಎರಡು ವರ್ಷದಿಂದ ನನ್ನ ಕ್ಷೇಮವನ್ನು ಹೇಳುವುದು ನಾನಲ್ಲ, ಲ್ಯಾಬಿನವರು. ಉಣ್ಣುತ್ತಿದ್ದೇನೆ, ಮಲಗುತ್ತಿದ್ದೇನೆ ಎಂದಷ್ಟೇ ತಿಳಿದುಕೊ. ಹೇಳದೆ ಕೇಳದೆ ಬ್ಯಾಗು ಹೆಗಲಿಗೇರಿಸಿ ಅಕ್ಕನ ಮನೆಗೆ ಬಂದು ಹನ್ನೆರಡು ದಿನವಾಯಿತು. ಇಷ್ಟು ದಿನ ಒಂದು ಸಾಲೂ ಬರೆಯಲಿಲ್ಲ, ಅದು ತಪ್ಪೇ. ದಿನಾ ಸಂಜೆ ನೀನು ಫೋನ್ ಮಾಡಿ "ಗುಳ್ಗೆ ತಗಂಡ್ರಾ?" ಅನ್ನುತ್ತೀ, ನಾನು "ಹೂಂ" ಅನ್ನುತ್ತೇನೆ, ಅಲ್ಲಿಗೆ ಮಾತು ಮುಗಿಯುತ್ತದೆ. ನಿನ್ನ ದನಿ ಕೇಳಿದರೆ ನನ್ನ ಸಿಟ್ಟು ಅರ್ಧ ದಾರಿಯಲ್ಲೇ ಇಳಿದುಬಿಡುತ್ತದೆ. ಈ ಸಲ ಇಳಿಯಬಾರದು ಎಂದೇ ಕಾಗದ ಹಿಡಿದು ಕೂತಿದ್ದೇನೆ.

ಇಲ್ಲಿ ದುರ್ಗಮ್ಮಕ್ಕನ ಅಡುಗೆಯದೇ ಒಂದು ಯುದ್ಧ. ಬಂದ ಮರುದಿನವೇ ಮೀನುಸಾರಿಗೆ ಕೈತುಂಬ ಮೆಣಸು ಹಾಕಿದಳು. ಬೇಡ ಅಂದರೆ, "ನಾಕು ಮೆಣ್ಸಿಗೆ ನಿನ್ನ ಕರುಳೆಂತ ಕಿತ್ತು ಹೊರಗೆ ಬತ್ತದ್ಯಾ?" ಎಂದಳು. ಆಮೇಲೆ ಎರಡು ದಿನ ನಾನು ಕೋಣೆಗಿಂತ ಹೆಚ್ಚು ಪಾಯಿಖಾನೆಯಲ್ಲೇ ಇದ್ದದ್ದು ನೋಡಿ ಹೆದರಿಹೋದಳು. ಈಗ ಗಂಜಿಯನ್ನು ಎರಡೆರಡು ಸಲ ಸೋಸುತ್ತಾಳೆ. "ಈ ಕರುಳಿನ ಕಾಯ್ಲೆ ಕ್ರೋನ್ಸು ಅಂದ್ರೆ ಯಾರ ಹೆಸ್ರಾ ಅದು?" ಎಂದು ಕೇಳಿದಳು. ಅದನ್ನು ಕಂಡುಹಿಡಿದ ಡಾಕ್ಟರದ್ದು ಅಂದೆ. "ಅವ್ನಿಗೆ ಬೇರೆ ಕೆಲ್ಸ ಇರ್ಲಿಲ್ಯಾ" ಎಂದು ಒಲೆಯ ಮುಂದೆ ಕೂತು ಅವನನ್ನು ಚೆನ್ನಾಗಿ ಬೈದಳು.

ಈ ತಿಂಗಳ ಬಿ ಟ್ವೆಲ್ವ್ ಇಂಜೆಕ್ಷನ್ನನ್ನು ಮಂಗಳವಾರ ಇಲ್ಲಿನ ಆಸ್ಪತ್ರೆಯಲ್ಲೇ ಹಾಕಿಸಿಕೊಂಡೆ. ಇಲ್ಲಿನ ನರ್ಸಮ್ಮ, "ಮೀನು, ಮೊಟ್ಟೆ ತಿಂದ್ರೆ ಸಾಕಾಗುದಿಲ್ವಾ?" ಎಂದು ಕೇಳಿದರು. ಸಣ್ಣ ಕರುಳಿನ ಕೊನೆಯ ಗೇಣುದ್ದ ಹುಣ್ಣಾಗಿದೆ, ತಿಂದದ್ದರ ಸತ್ವ ಅಲ್ಲಿ ಮೈಗೆ ಹಿಡಿಯುವುದಿಲ್ಲ, ಸಮುದ್ರ ಪೂರ್ತಿ ತಿಂದರೂ ಅಷ್ಟೇ ಎಂದು ನಾನೇ ಪಾಠ ಮಾಡಿದೆ. ಫೋಲಿಕ್ ಆಸಿಡ್ಡು, ಝಿಂಕು, ಭಾನುವಾರದ ವಿಟಮಿನ್ ಡಿ ಪುಡಿ ಯಾವುದೂ ತಪ್ಪಿಲ್ಲ. ನೀನು ತುಂಬಿಟ್ಟಿದ್ದ ಏಳು ಮನೆಯ ಗುಳಿಗೆ ಡಬ್ಬಿ ಹೋದ ಭಾನುವಾರಕ್ಕೆ ಖಾಲಿಯಾಯಿತು. ಈಗ ನಾನೇ ತುಂಬಿಕೊಳ್ಳುತ್ತೇನೆ.

ನನಗೂ ನಮ್ಮ ಬೋಟಿನ ಕುಪ್ಪನಿಗೂ ಕೆಟ್ಟಿತು ಎಂದು ನಮ್ಮೂರು ಬೆಳಕೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿರಬಹುದು. ಆ ದಿನ ಬಂದರಿನಲ್ಲಿ ಏನು ನಡೆಯಿತು ಎಂದು ನಾನು ನಿನಗೂ ಸರಿಯಾಗಿ ಹೇಳಿಲ್ಲ. ಈಗ ಹೇಳುತ್ತೇನೆ.

ಮೇ ತಿಂಗಳ ಕೊನೆಯ ಟ್ರಿಪ್ಪಿನಲ್ಲಿ ನಾನು ಬಲೆ ಎಳೆಯುವ ವಿಂಚಿನ ಪಕ್ಕದಲ್ಲೇ ಕುಸಿದು ಬಿದ್ದದ್ದು, ರಕ್ತದ ಹಿಮೋಗ್ಲೋಬಿನ್ ಏಳು ಪಾಯಿಂಟ್ ನಾಲ್ಕಕ್ಕೆ ಇಳಿದದ್ದು ನಿನಗೆ ಗೊತ್ತೇ ಇದೆ. ಇನ್ನು ಬೋಟಿನಲ್ಲಿ ನನ್ನ ಕತೆ ಮುಗಿಯಿತು ಅಂದುಕೊಂಡಿದ್ದೆ. ಆಗ ಕುಪ್ಪ ನಮ್ಮ ಜಗಲಿಯಲ್ಲಿ ಕೂತು ಹೇಳಿದ ಮಾತು ನೀನೂ ಕೇಳಿದ್ದೀ. "ಎರಡು ತಿಂಗ್ಳು ಹೆಂಗೂ ಮೀನ್ಗಾರ್ಕೆ ಬಂದ್ ಅದೆ. ರಕ್ತ ಹನ್ನೊಂದು ದಾಟ್ಲಿ, ನಿನ್ನ ಜಾಗ ಎಲ್ಲಿಗೂ ಹೋಗುದಿಲ್ಲ ಮಾರಾಯ." ಬೋಟು ನಡೆಸುವ ತಾಂಡೇಲನೇ ಹಾಗೆಂದ ಮೇಲೆ ಇನ್ನೇನು ಬೇಕು? ಹತ್ತೊಂಬತ್ತು ವರ್ಷ ಅದೇ ವಿಂಚಿನ ಬದಿಯಲ್ಲಿ ನಿಂತವನು ನಾನು. ಅವನು ಖಲಾಸಿಯಾಗಿದ್ದಾಗಲೂ ನಿಂತಿದ್ದೆ, ತಾಂಡೇಲನಾದ ಮೇಲೂ ನಿಂತೆ.

ಮಗಳು ಕಲ್ಪನಾ ಪರೀಕ್ಷೆಗೆ ಓದುವುದು ನೋಡಿದ್ದೇನಲ್ಲ, ಅದಕ್ಕಿಂತ ಶ್ರದ್ಧೆಯಿಂದ ನಾನು ಆ ಎರಡು ತಿಂಗಳು ಬದುಕಿದೆ. ಕಬ್ಬಿಣದ ಗುಳಿಗೆ ಹೊಟ್ಟೆಗೆ ಆಗದು ಎಂದು ಎರಡು ಸಲ ಡ್ರಿಪ್ ಹಾಕಿಸಿದೆವು. ವಾರಕ್ಕೊಂದು ಸೂಜಿ. ಸೂಜಿಗೆ ಕರೆದೊಯ್ಯುತ್ತಿದ್ದವನು ಕುಪ್ಪನೇ, ಸುರಿಯುವ ಮಳೆಯಲ್ಲಿ, ತನ್ನ ಬೈಕಿನಲ್ಲಿ. ನೀನು ಹೊಳೆಮೀನು ತಂದು ಮುಳ್ಳು ಬಿಡಿಸಿ, ಮೆಣಸಿಲ್ಲದೆ ಬೇಯಿಸಿ, ಅನ್ನ ನುರಿದು ಕೊಟ್ಟೆ. ಬೆಳಕೆಯಲ್ಲಿ ಮೆಣಸಿಲ್ಲದ ಮೀನುಸಾರು ಉಂಡ ಗಂಡಸು ನಾನೊಬ್ಬನೇ ಇರಬೇಕು. ಒಂಬತ್ತು ಪಾಯಿಂಟ್ ಒಂದು ಆಯಿತು. ಹತ್ತು ಪಾಯಿಂಟ್ ಎರಡು. ಜುಲೈ ಕೊನೆಗೆ ಹನ್ನೊಂದು ಪಾಯಿಂಟ್ ಮೂರು. ರಿಪೋರ್ಟು ಹಿಡಿದು ನಾನು ಬಸ್ ಸ್ಟ್ಯಾಂಡಿನಲ್ಲೇ ಅತ್ತೆ. ಇದನ್ನು ನಿನಗೆ ಹೇಳಿರಲಿಲ್ಲ.

ನೂಲ ಹುಣ್ಣಿಮೆಯ ಮರುದಿನ ಬೋಟಿನ ಪೂಜೆ. ನಮ್ಮ ಬೋಟಿನಲ್ಲಿ ಆಳಿಗೊಂದು ಕಾಯಿ, ಹೋಗುವವರು ಎಂಟು ಜನ, ಎಂಟು ಕಾಯಿ. ಅವರವರ ಕಾಯಿ ಅವರವರೇ ತಂದು ಬೋಟಿನ ಮೂತಿಯ ಹತ್ತಿರ ಸಾಲಾಗಿ ಇಡಬೇಕು. ನಾನು ಮಿಂದು, ಹೊಸ ಲುಂಗಿ ಉಟ್ಟು, ನೀನು ಸುಲಿದು ಕೊಟ್ಟ ಕಾಯಿ ಹಿಡಿದು ಹೋದೆ. ನೋಡಿದರೆ ಅಲ್ಲಿ ಎಂಟು ಕಾಯಿ ಆಗಲೇ ಕೂತಿವೆ. ನನಗೆ ತಕ್ಷಣ ಹೊಳೆಯಲಿಲ್ಲ. ಯಾರೋ ಎರಡು ತಂದಿರಬೇಕು ಅಂದುಕೊಂಡು ನನ್ನದನ್ನೂ ಸಾಲಿನ ತುದಿಗೆ ಇಟ್ಟೆ. ಕುಪ್ಪನ ಹೆಂಡತಿ ಕಮಲಿಯ ತಮ್ಮ ಇದ್ದಾನಲ್ಲ ಸಣ್ಣ, ಅವನು ವಿಂಚಿನ ಹತ್ತಿರ ನಿಂತಿದ್ದ, ನನ್ನ ಮುಖ ನೋಡಲಾರದೆ ಹಗ್ಗ ಸುತ್ತತೊಡಗಿದ.

ಕುಪ್ಪ ನನ್ನ ಕಾಯಿ ಎತ್ತಿ ನನ್ನ ಕೈಗೇ ಕೊಟ್ಟ. "ಇದು ಮನೆಗೆ ತಕಂಡು ಹೋಗು ದೇವಪ್ಪ" ಎಂದ. ಎಂತಕ್ಕೆ ಅಂದೆ. ನನ್ನ ಜಾಗಕ್ಕೆ ಸಣ್ಣನಿಗೆ ಜೂನಿನಲ್ಲೇ ಮಾತು ಕೊಟ್ಟಾಗಿದೆ ಎಂದ. ಜೂನಿನಲ್ಲೇ. ಹಾಗಾದರೆ ಆ ಹನ್ನೊಂದು ಎಂತಕ್ಕೆ ಹೇಳಿದೆ ಎಂದು ಕೇಳಿದೆ. ಆಗ ಅವನು ಹೇಳಿದ: "ನಿನ್ನ ಜೀವ ಉಳೀಲಿ ಅಂತ. ಬೋಟಿನ ಆಸೆ ತೋರ್ಸದಿದ್ರೆ ನೀನು ಸೂಜಿ ಚುಚ್ಚಿಸ್ಕಂಬವನಾ? ರಕ್ತ ಏರ್ತು, ಆತು. ಆದ್ರೆ ಕಾಲು? ಹಲ್ಗೆ ಯಾವ್ದು, ಹಗ್ಗ ಯಾವ್ದು ಅಂತ ನಿನ್ನ ಪಾದಕ್ಕೇ ಗೊತ್ತಾಗುದಿಲ್ಲ. ಬಲೆ ಬಿಡುವಾಗ ಹಗ್ಗದ ಸುತ್ತಿನೊಳಗೆ ಕಾಲಿಟ್ರೆ ನಿನ್ನ ಎಲ್ಲಿ ಹುಡ್ಕುದು ನಾನು?"

ಅವನ ಮಾತಿನಲ್ಲಿ ಸುಳ್ಳಿಲ್ಲ. ನನ್ನ ಎಡ ಪಾದ ಈಗಲೂ ಜೋಮು ಹಿಡಿದಂತೆಯೇ ಇದೆ. ಬಿ ಟ್ವೆಲ್ವ್ ವರ್ಷಗಟ್ಟಲೆ ಕಡಿಮೆಯಾದರೆ ನರಕ್ಕೆ ಹಾಗಾಗುತ್ತದೆ, ಸರಿಯಾಗಲು ತಿಂಗಳುಗಳೇ ಬೇಕು, ಪೂರ್ತಿ ಸರಿಯಾಗದೆಯೂ ಇರಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೆ ನಿಜ ಹೇಳಲು ಅವನಿಗೆ ಎರಡು ತಿಂಗಳು ಇತ್ತು. ಬೈಕಿನಲ್ಲಿ ಹಿಂದೆ ಕೂರಿಸಿಕೊಂಡು ಹೋಗಿ ಬರುವಾಗಲೆಲ್ಲ, "ಇನ್ನೆಷ್ಟು, ಒಂದು ಪಾಯಿಂಟ್ ಅಷ್ಟೇ ಅಲ್ದಾ" ಅನ್ನುತ್ತಿದ್ದ. ಎತ್ತಿಗೆ ಹುಲ್ಲು ತೋರಿಸಿ ನಡೆಸಿದ ಹಾಗೆ ನನ್ನನ್ನು ನಡೆಸಿದ. ನಂಬಿದವನಿಗೆ ಹೀಗೆ ಮಾಡಬಾರದಿತ್ತು ಗಣಪಿ. ಆ ಏಳು ಜನ ನನ್ನನ್ನು ನೋಡಿ ಅಯ್ಯೋ ಪಾಪ ಅಂದ ಮುಖ ಮಾಡಿದರಲ್ಲ, ಅದು ನನಗೆ ಈಗಲೂ ಊಟ ಮಾಡುವಾಗ ನೆನಪಾಗುತ್ತದೆ. ಅವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವನು ನಾನೊಬ್ಬನೇ.

ಇಲ್ಲಿ ಹೊಳೆಯಲ್ಲಿ ಮೀನು ಹಿಡಿಯುವವರ ಹರಿದ ಬಲೆ ಸರಿಮಾಡಿಕೊಡುತ್ತಾ ಕೂತಿರುತ್ತೇನೆ. ಕೈಗೆ ಏನೂ ಆಗಿಲ್ಲ, ಕೈ ಇನ್ನೂ ನನ್ನದೇ. ಸಿಗಡಿ ಕೆರೆಯವರೊಬ್ಬರು ಕಾವಲಿಗೆ ಬರುತ್ತೀಯಾ ಎಂದು ಕೇಳಿದ್ದಾರೆ. ಸಮುದ್ರದಲ್ಲಿ ಬಲೆ ಎಳೆದವನು ಕೆರೆ ಕಾಯುವುದೋ ಎಂದು ಮೊದಲು ಸಿಟ್ಟು ಬಂತು. ಈಗ ಅಷ್ಟು ಬರುತ್ತಿಲ್ಲ.

ಚೌತಿಗೆ ಬರುತ್ತೇನೆ. ಗಣಪತಿ ತರಲು ಅಪ್ಪ ಇಲ್ಲ ಎಂದು ಕಲ್ಪನಾ ಹತ್ತು ಜನರ ಮುಂದೆ ಹೇಳುವಂತಾಗಬಾರದು. ಅವಳಿಗೆ ನನ್ನ ಆಶೀರ್ವಾದ ಹೇಳು. ಮೊಬೈಲು ಬದಿಗಿಟ್ಟು ಗಣಿತ ನೋಡಲಿ, ಒಂಬತ್ತನೇ ಕ್ಲಾಸೆಂದರೆ ಹುಡುಗಾಟಿಕೆಯಲ್ಲ. ನಿನ್ನ ಸೊಂಟನೋವಿಗೆ ಅಕ್ಕ ಎಣ್ಣೆ ಕಾಯಿಸಿಟ್ಟಿದ್ದಾಳೆ, ತರುತ್ತೇನೆ. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿ ಇಟ್ಟಿರಲಿ.

ಇಂತಿ ನಿನ್ನ,
ದೇವಪ್ಪ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಕುಪ್ಪನ ಮೇಲಿನ ಸಿಟ್ಟಿಗೆ ನಾನು ಮನೆ ಬಿಟ್ಟು ಬಂದದ್ದು ಎಂದು ನೀನು ತಿಳಿದಿದ್ದರೆ ಅದು ಹಾಗಲ್ಲ. ಅವನ ಮೇಲೆ ಸಿಟ್ಟಿದ್ದರೆ ನನ್ನ ಮನೆಯಲ್ಲೇ ಕೂತು ಬೈಯುತ್ತಿದ್ದೆ. ಹಲಗೆಯೋ ಹಗ್ಗವೋ ಪಾದಕ್ಕೆ ಗೊತ್ತಾಗುವುದಿಲ್ಲ ಎಂದು ನಾನು ಹೇಳಿದ್ದು ನಿನಗೊಬ್ಬಳಿಗೆ, ಜೂನ್ ಮೊದಲ ವಾರ, ನೀನು ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ. ಯಾರಿಗೂ ಹೇಳಬೇಡ ಅಂದಿದ್ದೆ. ಅದೇ ಮಾತನ್ನು ಕುಪ್ಪನ ಬಾಯಲ್ಲಿ ಕೇಳಿ ಬಂದರಿನಿಂದ ನೇರ ಅವನ ಮನೆಗೆ ಹೋದೆ. ಕಮಲಿ ನನಗೆ ಎಲ್ಲ ತಿಳಿದಿದೆ ಎಂದುಕೊಂಡು, "ಬೇಜಾರು ಮಾಡ್ಕಣಬೇಡಿ ದೇವಪ್ಪಣ್ಣ, ಗಣಪಕ್ಕ ಅವತ್ತು ಬಂದು ಎಷ್ಟು ಅತ್ರು ಗೊತ್ತಾ, 'ಅವ್ರನ್ನ ಬೋಟಿಗೆ ಹತ್ತಿಸ್ಕಣಬೇಡಿ, ಅವ್ರಿಗೆ ಗೊತ್ತಾಗುದೂ ಬೇಡ' ಅಂದ್ರು" ಎಂದಳು. ಹನ್ನೊಂದು ಪಾಯಿಂಟ್ ಮೂರು ಬಂದ ದಿನ ನೀನು ಸಬ್ಬಕ್ಕಿ ಪಾಯಸ ಮಾಡಿದೆಯಲ್ಲ. ನಾನು ಬೋಟಿಗೆ ಹೋಗುತ್ತೇನೆಂದು ಉಂಡೆ. ನೀನು ಎಂತಕ್ಕೆ ಮಾಡಿದ್ದು? ಮೊದಲೇ ಕೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ, ಕೂಗಾಡುತ್ತಿದ್ದೆ, ಸೂಜಿಯನ್ನೂ ಬಿಡುತ್ತಿದ್ದೆನೋ ಏನೋ. ನನ್ನ ಗುಣ ನನಗಿಂತ ನಿನಗೇ ಹೆಚ್ಚು ಗೊತ್ತು. ಆದರೂ ನೀನು ಮೊದಲು ನನ್ನ ಹತ್ತಿರ ಬರಬೇಕಿತ್ತು ಗಣಪಿ. ನಾನು ನಿನ್ನ ಹತ್ತಿರವೇ ಬಂದಿದ್ದೆನಲ್ಲ.